ಕೇಳದೆ ಒಯ್ದ ಪೆಟ್ಟಿಗೆ

ಹೊಳಲ್ಕೆರೆಗೆ ಬಂದ ಮರುದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಸಾಮಾನಿನ ಗಂಟುಗಳನ್ನು ಇನ್ನೂ ಬಿಚ್ಚಿರಲಿಲ್ಲ. ತೆರೆದರೆ ನಡುವಯಸ್ಸಿನ ಗಂಡಸೊಬ್ಬ ನಿಂತಿದ್ದ. ಬರಿಗಾಲು, ಹೆಗಲ ಮೇಲೆ ಟವೆಲು. ನನ್ನ ಮುಖ ನೋಡದೆ ನೆಲ ನೋಡುತ್ತ, “ಅಕ್ಕಾ, ಪೆಟ್ಟಿಗೆ ಐತಾ? ಇಲ್ಲಾ ಯಾರಾದ್ರೂ ತಗಂಡೋಗ್ಯಾರಾ?” ಎಂದ.

ಯಾವ ಪೆಟ್ಟಿಗೆ ಎಂದು ಕೇಳಿದೆ.

“ನಮ್ಮಪ್ಪ ಹೋದ್ರು. ತಂಗಿ ದೂರದಿಂದ ಬರ್ಬೇಕು. ಅಲ್ಲೀಗಂಟ ಇಡ್ಬೇಕಲ್ಲ.”

ನನಗೆ ಏನೂ ಅರ್ಥವಾಗಲಿಲ್ಲ. ಅವನೇ ಅಂಗಳದ ಮೂಲೆಯ ತಗಡಿನ ಶೆಡ್ಡಿನ ಕಡೆ ಕೈ ತೋರಿಸಿದ. ಮನೆಯ ಮಾಲೀಕರು ಹಿಂದಿನ ಸಂಜೆ ಮನೆಯ ಬೀಗದ ಕೈ ಜೊತೆಗೆ ಇನ್ನೊಂದು ಕೈಯನ್ನೂ ಕೊಟ್ಟು, “ಶೆಡ್ಡಲ್ಲಿ ನಮ್ ಕ್ಲಬ್ಬಿನ ಸಾಮಾನವೆ, ಯಾರಾದ್ರೂ ಬಂದ್ರೆ ತೆಗ್ದು ಕೊಡ್ರಿ” ಎಂದಿದ್ದರು. ಕುರ್ಚಿಯೋ ಶಾಮಿಯಾನವೋ ಇರಬೇಕೆಂದುಕೊಂಡಿದ್ದೆ. ಬೀಗ ತೆಗೆದು ಒಳಗೆ ನೋಡಿದರೆ, ಚಕ್ರಗಳ ಮೇಲೆ ಆಳುದ್ದದ ಒಂದು ಪೆಟ್ಟಿಗೆ. ಮೇಲೆ ಗಾಜಿನ ಮುಚ್ಚಳ, ಪಕ್ಕದಲ್ಲಿ ಕ್ಲಬ್ಬಿನ ಹೆಸರು, ಅದರ ಕೆಳಗೆ ‘ಉಚಿತ ಸೇವೆ’ ಎಂಬ ಅಕ್ಷರಗಳು. ಹೆಣ ಕೆಡದಂತೆ ಇಡುವ ಫ್ರೀಜರ್. ಗಾಜಿನ ಮೇಲೆ ನನ್ನದೇ ಮುಖ ಕಂಡಿತು. ಹೊಸ ಊರಿನಲ್ಲಿ ನಾನು ಮೊದಲು ತೆರೆದುಕೊಟ್ಟ ಬಾಗಿಲು ಅದು.

ನಾನು ಅಂಕೋಲೆಯವಳು ಎಂದು, ನಮ್ಮೂರ ಪತ್ರಿಕೆಯಲ್ಲಿ ಇದನ್ನು ಓದುತ್ತಿರುವ ನಿಮಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಸಾವು ಕಾಯುವುದಿಲ್ಲ. ಬೆಳಿಗ್ಗೆ ಸತ್ತವರ ಬೂದಿಯ ಮೇಲೆ ಸಂಜೆಯ ಹೊತ್ತಿಗೆ ಸಮುದ್ರದ ಗಾಳಿ ಆಡುತ್ತಿರುತ್ತದೆ. ಮಳೆಗಾಲದಲ್ಲಿ ಒಣಸೌದೆ ಸಿಗದೆ ಒದ್ದಾಡುತ್ತೇವೆಯೇ ಹೊರತು ಯಾರಿಗಾಗಿಯೂ ಹೆಣವನ್ನು ಇಟ್ಟುಕೊಂಡು ಕೂರುವುದಿಲ್ಲ. ಇಲ್ಲಿಯ ಸಾವಿಗೆ ಬೇರೆಯದೇ ಮಾತು. ಶವಸಂಸ್ಕಾರಕ್ಕೆ ‘ಮಣ್ಣು ಮಾಡೋದು’ ಎನ್ನುತ್ತಾರೆ. ‘ಎಲ್ಲಿಗೆ ಹೋಗಿದ್ರಿ’ ಎಂದರೆ ‘ಮಣ್ಣಿಗೆ ಹೋಗಿದ್ವಿ’ ಎನ್ನುತ್ತಾರೆ, ಸಂತೆಗೆ ಹೋಗಿ ಬಂದಷ್ಟೇ ಸಹಜವಾಗಿ. ಶಿವಭಕ್ತರ ಮನೆಗಳಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಜೀವ ಹೋದ ಸ್ವಲ್ಪ ಹೊತ್ತಿಗೆಲ್ಲ ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ ಹೂವಿನ ಹಾರ ಹಾಕುತ್ತಾರೆ. ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ. ಅಂಥ ಮನೆಗಳವರು ನಮ್ಮ ಪೆಟ್ಟಿಗೆ ಕೇಳುವುದು ಅಪರೂಪ. ಅದರೊಳಗೆ ಮಲಗಿಸಿದರೆ ಮೈ ಬಿಗಿದುಕೊಂಡು ಆಮೇಲೆ ಕೂರಿಸಲಾಗುವುದಿಲ್ಲ. ಇದು ನನಗೆ ಮುಂದೆ ಎಷ್ಟು ಮುಖ್ಯವಾಗುತ್ತದೆ ಎಂದು ಆಗ ತಿಳಿದಿರಲಿಲ್ಲ.

ನನ್ನ ಗಂಡ ಗಿರೀಶನಿಗೆ ಗಾಳಿಯಂತ್ರಗಳ ರಿಪೇರಿಯ ಕೆಲಸ. ಹೊಸದುರ್ಗದ ಕಡೆಯ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುತ್ತವಲ್ಲ, ಇಲ್ಲಿಯ ಜನ ‘ಫ್ಯಾನು’ ಎನ್ನುತ್ತಾರೆ, ಅವು. ಆಷಾಢದ ಗಾಳಿಗೆ ಅವನು ವಾರಗಟ್ಟಲೆ ಗುಡ್ಡದ ಮೇಲೆಯೇ ಇರುತ್ತಿದ್ದ. ನಾನು ಹೊಳಲ್ಕೆರೆಯ ಮನೆಯಲ್ಲಿ ಒಬ್ಬಳೇ. ನಮ್ಮ ಕಡೆಯ ಗಾಳಿಗೆ ಉಪ್ಪಿನ ಜಿಡ್ಡಿದೆ, ಮೈಗೆ ಅಂಟಿಕೊಂಡು ಜೊತೆಗಿರುತ್ತದೆ. ಇಲ್ಲಿಯದು ಒಣಗಾಳಿ. ಶೆಡ್ಡಿನ ತಗಡನ್ನು ಎತ್ತಿ ಎತ್ತಿ ಬಿಡುತ್ತದೆ. ಒಳಗಿನಿಂದ ಯಾರೋ ತಟ್ಟಿದಂತೆ ಕೇಳುತ್ತದೆ. ಅದು ತಗಡೇ ಎಂದು ಗೊತ್ತಿದ್ದೂ ನಾನು ಎಷ್ಟೋ ಸಲ ಒಲೆ ಆರಿಸಿ ಕಿವಿಗೊಟ್ಟು ನಿಂತಿದ್ದೇನೆ.

ಮನೆ ಮಾಲೀಕರ ಹೆಸರು ಚನ್ನಬಸಪ್ಪ. ಬೀಜ, ಗೊಬ್ಬರದ ಅಂಗಡಿ ಇಟ್ಟವರು, ಆ ವರ್ಷ ಸೇವಾ ಕ್ಲಬ್ಬಿನ ಅಧ್ಯಕ್ಷರು. ಒಳ್ಳೆಯ ಮನುಷ್ಯರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವಾಗ ನಿಮಗೆ ಹಾಗೆ ಅನ್ನಿಸದಿರಬಹುದು. ಸರ್ಕಾರಿ ಶಾಲೆಗೆ ಬೆಂಚು, ಆಸ್ಪತ್ರೆಯ ಮುಂದೆ ಕುಡಿಯುವ ನೀರು, ಹಳ್ಳಿಗಳಲ್ಲಿ ಕಣ್ಣಿನ ಕ್ಯಾಂಪು, ಎಲ್ಲದಕ್ಕೂ ಅವರೇ ಓಡಾಡುತ್ತಿದ್ದರು. ಮನೆಯೊಳಗೆ ಮೀನು ತರಬಾರದು ಎಂಬ ಒಂದು ಷರತ್ತು ಬಿಟ್ಟರೆ ನಮಗೆ ಯಾವ ತೊಂದರೆಯನ್ನೂ ಕೊಟ್ಟವರಲ್ಲ. ಮೀನಿಲ್ಲದ ಊಟಕ್ಕೆ ನಾಲಿಗೆ ಒಗ್ಗಲು ತುಂಬ ಸಮಯ ಬೇಕಾಯಿತು. ರಾಗಿಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಕಲಿತೆ. ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾತ್ರ ಮೊದಲ ದಿನವೇ ಸೇರಿತು.

ಜನ ಅಷ್ಟು ಬೇಗ ಹತ್ತಿರವಾಗಲಿಲ್ಲ. ಪೆಟ್ಟಿಗೆಯ ಶೆಡ್ಡಿನ ಬೀಗದ ಕೈ ನನ್ನ ಹತ್ತಿರ ಇದ್ದುದರಿಂದ ನನಗೆ ‘ಪೆಟ್ಟಿಗೆ ಮೇಡಂ’ ಎಂದು ಹೆಸರಾಯಿತು. ಸಾವಿನ ಮನೆಗೆ ಪೆಟ್ಟಿಗೆ ಒಯ್ಯುವ ಲಗೇಜ್ ಆಟೊದ ಬಾಷಾಣ್ಣನ ಜೊತೆ ನಾನೂ ಹೋಗಲು ಶುರು ಮಾಡಿದೆ. ಪ್ಲಗ್ಗು ಸರಿಯಾಗಿ ಕೂತಿದೆಯೇ, ಕರೆಂಟು ಹೋದರೆ ಜನರೇಟರು ಇದೆಯೇ ಎಂದು ನೋಡುವವರು ಯಾರಾದರೂ ಬೇಕಿತ್ತು. ಅಳುವ ಮನೆಗಳಲ್ಲಿ ನನ್ನನ್ನು “ಬರ್ರಮ್ಮ, ಕುಂತ್ಕಳ್ರಿ” ಎಂದು ಕೈ ಹಿಡಿದು ಕೂರಿಸುತ್ತಿದ್ದರು. ಅದೇ ಜನ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಪಕ್ಕದ ಮನೆಯವರ ಗೃಹಪ್ರವೇಶಕ್ಕೆ ಇಡೀ ಬೀದಿಗೆ ಕರೆ ಬಂತು, ನನಗೆ ಬರಲಿಲ್ಲ. ಮಾರನೆಯ ದಿನ ಆ ಮನೆಯಾಕೆ ಗೇಟಿನ ಹೊರಗೆ ನಿಂತೇ ಹೋಳಿಗೆಯ ಡಬ್ಬಿ ಚಾಚಿ, “ತಪ್ಪು ತಿಳ್ಕಬ್ಯಾಡ್ರಿ ಮೇಡಂ, ಅತ್ತೆ ಒಪ್ಲಿಲ್ಲ” ಎಂದರು. ಹೋಳಿಗೆ ತಿಂದೆ. ಚೆನ್ನಾಗಿತ್ತು. ತಿನ್ನುತ್ತ ಅಂಕೋಲೆಯ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಯೋಚಿಸಿದೆ.

ಊರಿನೊಂದಿಗೆ ನನಗೆ ನಿಜವಾಗಿ ನಂಟು ಬೆಳೆಸಿಕೊಟ್ಟದ್ದು ಹೊಲಿಗೆ ತರಗತಿ. ಕ್ಲಬ್ಬಿನವರು ಹತ್ತಿರದ ಹಳ್ಳಿ ತಾಳ್ಯದಲ್ಲಿ ಹೆಣ್ಣುಮಕ್ಕಳಿಗಾಗಿ ಹೊಲಿಗೆ ಯಂತ್ರಗಳನ್ನು ಕೊಡಿಸಿದ್ದರು. ಕಲಿಸುವವರಿಲ್ಲದೆ ಅವು ಧೂಳು ತಿನ್ನುತ್ತಿದ್ದವು. ನನಗೆ ಹೊಲಿಗೆ ಬರುತ್ತದೆ ಎಂದು ಗೊತ್ತಾದ ಕೂಡಲೇ ಚನ್ನಬಸಪ್ಪನವರು, “ವಾರಕ್ಕೆರಡು ದಿನ ಹೋಗ್ಬರ್ರಿ ಸುಜಾತಮ್ಮ. ಬರೇ ಸಾವಿನ ಕೆಲ್ಸ ಮಾಡಿದ್ರೆ ಮನ್ಸು ಕೆಡ್ತೈತೆ” ಎಂದರು. ಅದು ಅವರ ಒಳ್ಳೆಯತನ.

ಅಲ್ಲಿ ಸಿಕ್ಕವಳು ನೀಲಮ್ಮ.

ತಾಳ್ಯದ ಆಚೆಯ ಒಂದು ಹಳ್ಳಿಯ ಸೊಸೆ. ಇಪ್ಪತ್ತು ದಾಟಿದ್ದಳೋ ಇಲ್ಲವೋ. ಮೊದಲ ದಿನ ಅವಳು ಬಾಯಿ ಬಿಟ್ಟದ್ದೇ ತಡ, ಉಳಿದ ಹುಡುಗಿಯರು ನಕ್ಕರು. “ದಾರ ಪೋಣಿಸಾಕ ಬರವಲ್ದು ಅಕ್ಕಾರ” ಎಂದಿದ್ದಳು. ಅವಳದು ಸುರಪುರದ ಕಡೆಯ ಮಾತು. ನಾನು ಬಾಯಿ ಬಿಟ್ಟಾಗಲೂ ಹುಡುಗಿಯರು ನಗುತ್ತಿದ್ದರು, ನನ್ನದು ಕರಾವಳಿಯ ಎಳೆತ. ಹಾಗೆ ನಗೆಗೀಡಾದವರು ನಾವಿಬ್ಬರು ಒಂದು ಬೆಂಚಿನಲ್ಲಿ ಕೂತೆವು.

ಈ ಕಡೆಯ ಕೆಲವು ಮನೆಗಳಲ್ಲಿ ಗಂಡುಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ. ವಯಸ್ಸು ಮೀರಿದವರು, ಓದು ನಿಲ್ಲಿಸಿದವರು ದಲ್ಲಾಳಿ ಹಿಡಿದು ಉತ್ತರದ ಜಿಲ್ಲೆಗಳಿಂದ ಹೆಣ್ಣು ತರುತ್ತಾರೆ. ನೀಲಮ್ಮನ ಗಂಡ ಮಂಜಣ್ಣ ಅವಳಿಗಿಂತ ಬಹಳ ದೊಡ್ಡವನು. ಅವನ ತಾಯಿ ದಾಕ್ಷಾಯಣಮ್ಮ ಹಾಲುರಾಮೇಶ್ವರದ ದೇವರಿಗೆ ಹರಕೆ ಹೊತ್ತ ಮೇಲೆ ಈ ಸಂಬಂಧ ಕೂಡಿಬಂತಂತೆ. ಮದುವೆ ಮುಗಿಸಿ ಬಂದವಳು ಮತ್ತೆ ತವರಿಗೆ ಹೋಗಿರಲಿಲ್ಲ. “ದೂರ ಐತಂತ್ರಿ. ಹಬ್ಬಕ್ಕ ಕಳಸ್ತೀನಿ ಅಂತಾಳ ಅತ್ತಿ. ಯಾವ ಹಬ್ಬ ಅಂತ ಹೇಳಂಗಿಲ್ಲ” ಎಂದು ನಗುತ್ತಿದ್ದಳು. ಅವಳ ಫೋನು ಕೆಟ್ಟಿತ್ತು, ರಿಪೇರಿಗೆ ಕೊಟ್ಟವರು ತರಲೇ ಇಲ್ಲ. ತರಗತಿ ಮುಗಿದ ಮೇಲೆ ನನ್ನ ಫೋನಿನಿಂದ ಅವ್ವನಿಗೆ ಮಾತಾಡುತ್ತಿದ್ದಳು. ಆ ಕಡೆಯಿಂದ “ನೀಲವ್ವಾ” ಎಂಬ ಕೂಗು ನನಗೂ ಕೇಳುತ್ತಿತ್ತು. ಇಲ್ಲಿ ಅವಳನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ.

ಒಮ್ಮೆ ಅವಳು ತರಗತಿಗೆ ಬಂದಾಗ ಕಣ್ಣು ಕೆಂಪಗಿದ್ದವು. ಕೈ ಮುಟ್ಟಿ ನೋಡಿದೆ, ಸುಡುತ್ತಿತ್ತು. ಆಸ್ಪತ್ರೆಗೆ ಹೋಗೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. “ಅತ್ತಿ ಕಷಾಯ ಕೊಟ್ಟಾಳ್ರಿ. ಕೇಳದ ಹೋದ್ರ ಮತ್ತ ಇಲ್ಲಿಗೂ ಕಳಸಂಗಿಲ್ಲ” ಎಂದಳು. ಬಾಷಾಣ್ಣನ ಆಟೊದಲ್ಲಿ ಅವಳನ್ನು ಮನೆಗೆ ಬಿಟ್ಟು, ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಮ್ಮನಿಗೆ ಹೇಳಿದೆ: ಜ್ವರ ಜೋರಿದೆ, ಇವತ್ತೇ ರಕ್ತ ಪರೀಕ್ಷೆ ಮಾಡಿಸಿ. ಆಕೆ ತಲೆಯಾಡಿಸಿದರು. “ನಮ್ ಸೊಸೆ, ನಾವ್ ನೋಡ್ಕಂತೀವಿ. ನೀವು ಹೊರಡ್ರಿ” ಎಂದರು. ಜಗಳದ ದನಿಯಲ್ಲ. ಬಾಗಿಲು ಮುಚ್ಚುವ ದನಿ.

ಮುಂದಿನ ತರಗತಿಗೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಅವಳ ಓಣಿಯ ಪುಷ್ಪ ಎಂಬ ಹುಡುಗಿಯನ್ನು ಕೇಳಿದರೆ, “ಮಲಗ್ಯವ್ಳೆ ಮೇಡಂ, ಆಸ್ಪತ್ರೆಗೆ ಹೋಗ್ತಾರಂತೆ” ಎಂದಳು. ನಾನು ಚನ್ನಬಸಪ್ಪನವರಿಗೆ ಹೇಳಿದೆ. ಆ ಮನೆಯವರು ಅವರಿಗೆ ಹತ್ತಿರದ ಸಂಬಂಧ. ಅವರು ಫೋನು ಮಾಡಿ ವಿಚಾರಿಸಿ, “ಕಮ್ಮಿ ಆಗೈತಂತೆ” ಎಂದರು.

ಆ ಶುಕ್ರವಾರ ಬೆಳಿಗ್ಗೆ ಪುಷ್ಪನ ಫೋನು ಬಂತು. ಪಿಸುಮಾತಿನಲ್ಲಿ, “ಮೇಡಂ, ನೀಲಕ್ಕ ಹೋಗ್ಬಿಟ್ಳು. ಹೊತ್ತು ಮುಳುಗಾದ್ರೊಳ್ಗೆ ಮಣ್ಣು ಮಾಡ್ತಾರಂತೆ. ಅವರವ್ವಂಗೆ ಇನ್ನೂ ಹೇಳಿಲ್ಲ” ಎಂದಳು.

ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದೆ. ಗಾಳಿಗೆ ಶೆಡ್ಡಿನ ತಗಡು ಹೊಡೆದುಕೊಳ್ಳುತ್ತಿತ್ತು. ಫೋನಿನಲ್ಲಿ ಅವಳ ಅವ್ವನ ನಂಬರು ಹುಡುಕಿದೆ. ಹಂಪವ್ವ ಎಂದು ಹೆಸರು. ಅಷ್ಟು ದಿನ ಮಗಳೇ ಮಾತಾಡುತ್ತಿದ್ದಳು, ನಾನು ಮಾತಾಡಿದ್ದು ಅದೇ ಮೊದಲು. “ನೀಲವ್ವಾ?” ಎಂದು ಆಕೆ ಖುಷಿಯಿಂದ ಕೇಳಿದರು. ಅಲ್ಲಮ್ಮಾ, ನಾನು ಅವಳ ಟೀಚರು, ನೀವು ಕೂಡಲೇ ಹೊರಟು ಬರಬೇಕು ಎಂದೆ. ಹುಷಾರಿಲ್ಲ ಎಂದು ಹೇಳಬೇಕೆಂದಿದ್ದೆ. ಆ ಸುಳ್ಳಿಗೆ ಬಾಯಿ ಬರಲಿಲ್ಲ. ಆಕೆಗೆ ಅಷ್ಟರಲ್ಲೇ ತಿಳಿಯಿತು. “ನಾ ಬರೂತನ ಇಡ್ತಾರೇನ್ರಿ?” ಎಂದು ಕೇಳಿದರು.

ಇಡುತ್ತಾರೆ ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ಗೊತ್ತಿಲ್ಲ.

ಬಾಷಾಣ್ಣನಿಗೆ ಫೋನು ಮಾಡಿದೆ. ಅವನು ಬಂದು ಆಟೊ ಶೆಡ್ಡಿನ ಮುಂದೆ ತಿರುಗಿಸಿ ನಿಲ್ಲಿಸಿ, “ಯಾರ್ ಕೇಳಿದ್ದು ಮೇಡಂ?” ಎಂದ. ಯಾರೂ ಕೇಳಿಲ್ಲ ಎಂದೆ. ಅವನು ಗಡ್ಡ ಕೆರೆದುಕೊಂಡ. “ಕೇಳ್ದಲೇ ಸಾವಿನ್ ಪೆಟ್ಟಿಗೆ ತಗಂಡೋದ್ರೆ ಹೊಡೀತಾರೆ” ಎಂದ. ಆಮೇಲೆ ನೀಲಮ್ಮನ ವಿಷಯ ಹೇಳಿದೆ. ಜ್ವರದಲ್ಲಿ ಅವಳನ್ನು ಅದೇ ಆಟೊದಲ್ಲಿ ಮನೆಗೆ ಬಿಟ್ಟವನು ಅವನೇ. ಪೆಟ್ಟಿಗೆಯ ಒಂದು ಕಡೆ ಹಿಡಿದ. “ಜನರೇಟರೂ ಹಾಕ್ಕಳಾಣ” ಎಂದ.

ಹೋಗುವಾಗ ದಾರಿಯುದ್ದಕ್ಕೂ ಮೆಕ್ಕೆಜೋಳದ ಹೊಲಗಳು ಗಾಳಿಗೆ ಒಂದೇ ಕಡೆ ವಾಲಿದ್ದವು. ದೂರದ ಗುಡ್ಡದ ಮೇಲೆ ಫ್ಯಾನುಗಳು ತಿರುಗುತ್ತಿದ್ದವು. ಅವುಗಳಲ್ಲಿ ಯಾವುದೋ ಒಂದರ ಹೊಟ್ಟೆಯೊಳಗೆ ನನ್ನ ಗಂಡ ಇದ್ದ. ಅವನ ಫೋನಿಗೆ ಅಲ್ಲಿ ಸಿಗ್ನಲ್ಲಿರುವುದಿಲ್ಲ.

ಮನೆಯ ಮುಂದೆ ಗಂಡಸರು ಗುಂಪಾಗಿ ನಿಂತಿದ್ದರು. ಅಷ್ಟು ಹೊತ್ತಿಗೆ ಗುಣಿ ತೋಡಲು ಕಳಿಸಿಯೂ ಆಗಿತ್ತು. ಪಡಸಾಲೆಯಲ್ಲಿ ಚಾಪೆಯ ಮೇಲೆ ನೀಲಮ್ಮ. ಮೊಳಕೈಯ ಒಳಗೆ, ಕುತ್ತಿಗೆಯ ಕೆಳಗೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ಅವಳನ್ನು ಕೂರಿಸಲು ಗೋಡೆಗೆ ಹಲಗೆ ತಂದಿಟ್ಟಿದ್ದರು. ದಾಕ್ಷಾಯಣಮ್ಮ ಆಟೊ ನೋಡಿದವರೇ ಎದ್ದು ಬಂದರು.

“ಯಾರ್ ಕರೆದ್ರು ನಿಮ್ನ?”

ಅವಳ ತಾಯಿ ಹೊರಟಿದ್ದಾರೆ, ಬೆಳಗಾಗುವ ಹೊತ್ತಿಗೆ ಬರುತ್ತಾರೆ, ಅಲ್ಲಿಯವರೆಗೆ ಇದರಲ್ಲಿ ಇಡಬಹುದು ಎಂದೆ.

“ಅವ್ರಿಗೆ ಹೇಳಿದ್ದು ಯಾರು?” ಎಂದು ಮಂಜಣ್ಣನ ಅಣ್ಣ ಮುಂದೆ ಬಂದ. “ಇದ್ರಾಗೆ ಮಲಗ್ಸಿದ್ರೆ ಮೈ ಬಿಗೀತೈತೆ. ಆಮೇಲೆ ಕುಂಡ್ರಿಸ್ತಿಯೇನು ನೀನು? ನಮ್ ಪದ್ಧತಿ ಗೊತ್ತೈತಾ ನಿಂಗೆ? ಎಲ್ಲಿಂದ್ಲೋ ಬಂದೋಳು!”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಪದ್ಧತಿ ಅವರದೇ, ನಾನು ಎಲ್ಲಿಂದಲೋ ಬಂದವಳೇ. ಗುಂಪು ಹತ್ತಿರ ಸರಿಯಿತು. ಬಾಷಾಣ್ಣ ನನ್ನ ಬೆನ್ನ ಹಿಂದೆ, “ಮೇಡಂ, ಹೋಗಾಣ” ಎಂದು ಮೆಲ್ಲಗೆ ಹೇಳಿದ. ಮಂಜಣ್ಣ ಮಾತ್ರ ಕಂಬಕ್ಕೊರಗಿ ಕೂತು ಹೆಂಡತಿಯ ಕಾಲಿನ ಕಡೆಯೇ ನೋಡುತ್ತಿದ್ದ. ಅವನು ಅತ್ತಿದ್ದನೋ ಇಲ್ಲವೋ ಗೊತ್ತಾಗಲಿಲ್ಲ.

ಆಗ ವಿಧಿ ಮಾಡಿಸಲು ಬಂದಿದ್ದ ಐನೋರು ಮಾತಾಡಿದರು. ವಯಸ್ಸಾದವರು, ಮಠದ ಕಡೆಯವರು, ವಿಭೂತಿಯ ತಟ್ಟೆ ಹಿಡಿದು ಮೂಲೆಯಲ್ಲಿ ಕೂತಿದ್ದರು. “ಹೆತ್ತೋಳಿಗೆ ಹೇಳಿಲ್ವೇನಪ್ಪ ಇನ್ನೂ?” ಎಂದು ಮಂಜಣ್ಣನನ್ನು ಕೇಳಿದರು. ಐನೋರು ತಟ್ಟೆಯನ್ನು ಕೆಳಗಿಟ್ಟರು. “ಹಂಗಾದ್ರೆ ನಾನ್ ಇವತ್ತು ಮಾಡ್ಸಲ್ಲ. ಮಲಗ್ಸಿ ಮಣ್ಣು ಕೊಟ್ರೆ ಶಿವ ಏನ್ ಬ್ಯಾಡ ಅನ್ನಲ್ಲ. ತಾಯಿ ಬರ್ಲಿ.”

ಗುಂಪು ದಾರಿ ಬಿಟ್ಟಿತು. ಒಪ್ಪಿದವರು ಇರಲಿಲ್ಲ. ನಾನು, ಬಾಷಾಣ್ಣ, ಪುಷ್ಪ, ಅವಳ ತಾಯಿ ಸೇರಿ ನೀಲಮ್ಮನನ್ನು ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದೆವು. ತೀರ ಹಗುರಾಗಿದ್ದಳು.

ಚನ್ನಬಸಪ್ಪನವರ ಫೋನು ಬಂತು. “ಸುಜಾತಮ್ಮ, ಯಾರನ್ ಕೇಳಿ ತಗಂಡೋದ್ರಿ?” ಎಂದರು. ಹೇಳಿದೆ. “ಕ್ಲಬ್ಬಿನ ಹೆಸ್ರು ಬರ್ದೈತೆ ಅದ್ರ ಮ್ಯಾಲೆ. ಊರೋರ್ಗೆಲ್ಲ ಏನ್ ಅನ್ಸ್ತೈತೆ ಈಗ? ಆ ಮನೇಲಿ ಏನೋ ನಡ್ದೈತೆ ಅಂತ ತಾನೆ?” ಎಂದರು. ನನಗೂ ಹಾಗೇ ಅನ್ನಿಸಿದೆ ಎಂದೆ. ಅವರು ಫೋನು ಇಟ್ಟರು.

ಸಂಜೆಯಾಗುತ್ತಿದ್ದಂತೆ ಮನೆ ಬಿಕೋ ಎನ್ನತೊಡಗಿತು. ಸಾವಿನ ಮನೆಯಲ್ಲಿ ಅಳುವವರಿರುತ್ತಾರೆ, ಇಲ್ಲಿ ಯಾರೂ ಅಳುತ್ತಿರಲಿಲ್ಲ. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದಾಗ ಪೆಟ್ಟಿಗೆಯ ಮೊರೆತ ಕೇಳಿಸಲಿಲ್ಲ. ಗಾಜಿನ ಒಳಗೆ ಹನಿ ಕಟ್ಟಿತ್ತು. ಗೋಡೆಯ ಕಡೆ ನೋಡಿದೆ. ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಒಂದು ಮೊಬೈಲು ಚಾರ್ಜಿಗೆ ಹಾಕಿತ್ತು.

ಇದು ಯಾರದು ಎಂದು ಕೇಳಿದೆ. ಪಡಸಾಲೆಯಲ್ಲಿ ಕೂತಿದ್ದವರೆಲ್ಲ ನನ್ನನ್ನೇ ನೋಡಿದರು. ಬೇಕೆಂದೇ ಮಾಡಿದ್ದರೋ, ಯಾರಿಗೋ ಬರಿಯ ಫೋನು ಮುಖ್ಯವಾಗಿತ್ತೋ ಇವತ್ತಿಗೂ ತಿಳಿಯದು. ಎರಡರಲ್ಲಿ ಯಾವುದು ಹೆಚ್ಚು ಭಯದ್ದು ಎಂಬುದೂ ತಿಳಿಯದು. ಮೊಬೈಲು ತೆಗೆದಿಟ್ಟು ಪ್ಲಗ್ಗು ಹಾಕಿದೆ. ಆಮೇಲೆ ಆ ಗೋಡೆಗೆ ಬೆನ್ನು ಕೊಟ್ಟು ಕೂತವಳು ಬೆಳಗಾಗುವವರೆಗೆ ಏಳಲಿಲ್ಲ. ಪುಷ್ಪನ ತಾಯಿ ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ತರಗತಿಯ ಇನ್ನಿಬ್ಬರು ಹುಡುಗಿಯರು, ಅವರ ಅಜ್ಜಿಯೊಬ್ಬರು. ಹೀಗೆ ಹೆಂಗಸರ ಒಂದು ಸಾಲಾಯಿತು. ನನಗೆ ಈ ಊರಿನಲ್ಲಿ ಜನ ಸಿಕ್ಕಿದ್ದು ಅಲ್ಲಿ, ಆ ಗೋಡೆಯ ಬುಡದಲ್ಲಿ.

ಹಂಪವ್ವ ತಮ್ಮನನ್ನು ಕರೆದುಕೊಂಡು ಹೊರಟಿದ್ದರು. ಅವರು ಹತ್ತಿದ ಬಸ್ಸು ಹಿರಿಯೂರಿನ ಮೇಲೆ ಹೋಗುವಂಥದ್ದು. ಅಲ್ಲಿಂದ ಈ ಹಳ್ಳಿಗೆ ಬರುವ ದಾರಿ ಅವರಿಗೆಲ್ಲಿ ಗೊತ್ತು? ಹಿರಿಯೂರಿನಲ್ಲೂ ಇಂಥದೇ ಕ್ಲಬ್ಬಿದೆ. ಅಲ್ಲಿಯ ಸದಸ್ಯರೊಬ್ಬರು, ಔಷಧಿ ಅಂಗಡಿಯವರು, ನನ್ನ ಫೋನಿಗೆ ಒಂದು ಮಾತೂ ಹೆಚ್ಚು ಕೇಳದೆ, “ನಾನ್ ಸ್ಟ್ಯಾಂಡಲ್ಲಿ ನಿಂತಿರ್ತೀನಿ, ಚಿಂತೆ ಮಾಡ್ಬ್ಯಾಡ್ರಿ” ಎಂದಿದ್ದರು. ನಸುಕಿನಲ್ಲಿ ಅವರ ಫೋನು: “ಐಮಂಗಲ ದಾಟಿದ್ವಿ ಮೇಡಂ.” ಕ್ಲಬ್ಬು ಎಂದರೆ ಬೋರ್ಡು, ಹಾರ, ಫೋಟೊ ಎಂದು ನಾನು ಅಂದುಕೊಂಡದ್ದುಂಟು. ಆ ಮನುಷ್ಯ ಕಾರು ನಿಲ್ಲಿಸಿ, ಆ ಇಬ್ಬರನ್ನು ಇಳಿಸಿ, ಒಳಗೂ ಬಾರದೆ ವಾಪಸು ಹೋದರು.

ಹಂಪವ್ವ ಅಳುತ್ತ ಬರಲಿಲ್ಲ. ಸೆರಗು ಬಿಗಿದುಕೊಂಡು ನೇರ ಒಳಗೆ ಬಂದು ಗಾಜಿನ ಮೇಲೆ ಎರಡೂ ಕೈ ಇಟ್ಟರು. “ತೆಗೀರಿ” ಎಂದರು. ತೆಗೆದೆವು. ಮಗಳ ಕೈ, ಕಾಲು, ಕುತ್ತಿಗೆ, ಬೆನ್ನು, ಎಲ್ಲವನ್ನೂ ಒಂದೊಂದಾಗಿ ನೋಡಿದರು, ಹುಟ್ಟಿದ ಕೂಸನ್ನು ನೋಡುವ ಹಾಗೆ. ಚುಕ್ಕೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ತಿರುಗಿ ದಾಕ್ಷಾಯಣಮ್ಮನ ಮುಂದೆ ನಿಂತರು.

“ಜ್ವರ ಬಂದಾಗ ಒಂದ್ ಫೋನ್ ಯಾಕ ಹಚ್ಚಲಿಲ್ರೀ? ಜಗಳಾಡಾಕ ಬರತಿದ್ದಿಲ್ಲ ನಾ. ಬಂದು ಕರಕೊಂಡ್ ಹೋಗ್ತಿದ್ದೆ.”

ದಾಕ್ಷಾಯಣಮ್ಮ, “ಇವತ್ ನಾಳೆ ಕಮ್ಮಿ ಆಗ್ತೈತೆ ಅಂದ್ಕಂಡ್ವಿ” ಎಂದರು.

ಹಂಪವ್ವನ ತಮ್ಮ ಠಾಣೆಗೆ ಹೋಗಲೇಬೇಕೆಂದ. ಹೋದರು. ಹೆಣವನ್ನು ಪರೀಕ್ಷೆಗೆ ಚಿತ್ರದುರ್ಗಕ್ಕೆ ಒಯ್ದರು. ಹೊಡೆದ ಗುರುತಿಲ್ಲ, ವಿಷವಿಲ್ಲ, ಡೆಂಗಿ ಎಂದು ವರದಿ ಬಂತು. ಸಮಯಕ್ಕೆ ಆಸ್ಪತ್ರೆಗೆ ಹೋಗಿದ್ದರೆ ಉಳಿಯಬಹುದಾದ ಜ್ವರ. ಕರೆದುಕೊಂಡು ಹೋಗದೆ ಇದ್ದದ್ದಕ್ಕೆ ಯಾವ ಕೇಸೂ ನಿಲ್ಲಲಿಲ್ಲ. ಹಂಪವ್ವ ಮಗಳನ್ನು ಅಲ್ಲಿ ಮಣ್ಣು ಮಾಡಲು ಬಿಡಲಿಲ್ಲ, ಗಾಡಿ ಮಾಡಿಕೊಂಡು ಸುರಪುರದ ಕಡೆಗೇ ಒಯ್ದರು. ಹೊರಡುವಾಗ ನನ್ನ ಕೈ ಹಿಡಿದು, “ಮಾರಿ ನೋಡಾಕರ ಸಿಕ್ತು” ಎಂದರು. ‘ಮಾರಿ’ ಎಂದರೆ ಆ ಕಡೆ ಮುಖ. ಮುಖವಾದರೂ ಸಿಕ್ಕಿತು ಎಂದರ್ಥ.

ಕ್ಲಬ್ಬಿನ ಮುಂದಿನ ಸಭೆಯಲ್ಲಿ ನನ್ನ ಹೆಸರು ಯಾರೂ ಎತ್ತಲಿಲ್ಲ. ಹೊಸ ನಿಯಮವೊಂದನ್ನು ಮಾತ್ರ ಓದಿದರು: ಇನ್ನು ಮುಂದೆ ಮನೆಯ ಹಿರಿಯರು ಕೇಳಿದರೆ ಮಾತ್ರ ಪೆಟ್ಟಿಗೆ ಕಳಿಸತಕ್ಕದ್ದು. ಎಲ್ಲರೂ ಕೈ ಎತ್ತಿದರು. ಮರುದಿನ ಪೆಟ್ಟಿಗೆ ನಮ್ಮ ಶೆಡ್ಡಿನಿಂದ ಅಕ್ಕಿ ಗಿರಣಿಯ ಹಿಂದಿನ ಕೋಣೆಗೆ ಹೋಯಿತು. ಚನ್ನಬಸಪ್ಪನವರೇ ಬಂದು ಬೀಗದ ಕೈ ಕೇಳಿದರು. ಕೊಟ್ಟೆ. ಗೇಟಿನ ಹತ್ತಿರ ನಿಂತು, “ನೀವು ಮಾಡಿದ್ದು ತಪ್ಪು ಅಂತ ನಾನ್ ಅನ್ನಲ್ಲ ಸುಜಾತಮ್ಮ. ಆದ್ರೆ ಆ ಮನೇಗೆ ನಾನು ಇನ್ನು ಹೆಂಗ್ ಹೋಗ್ಲಿ ಹೇಳ್ರಿ” ಎಂದರು. ಅವರ ಮುಖ ನಿಜಕ್ಕೂ ಇಳಿದಿತ್ತು. ಹೊಲಿಗೆ ತರಗತಿಯನ್ನು ಅವರು ನಿಲ್ಲಿಸಲಿಲ್ಲ. ಮನೆ ಬಿಡಿ ಎಂದೂ ಹೇಳಲಿಲ್ಲ.

ಪೆಟ್ಟಿಗೆ ಹೋದ ಮೇಲೆ ಬೀದಿಯವರು ಸಲಿಗೆಯಾದರು. ಹಬ್ಬಕ್ಕೆ ಕರೆದರು. ಅರಿಶಿನ ಕುಂಕುಮಕ್ಕೆ ಹೇಳಿ ಕಳಿಸಿದರು. ನನಗೆ ಬೇಕಾಗಿದ್ದದ್ದು ಅದೇ ತಾನೆ? ಹೋದೆ, ತಾಂಬೂಲ ತಂದೆ. ಮನಸ್ಸು ಮಾತ್ರ ಎಲ್ಲಿಯೋ ಹಿಡಿದುಕೊಂಡಂತಿತ್ತು.

ಅಷ್ಟರಲ್ಲಿ ಗಿರೀಶನಿಗೆ ನಮ್ಮೂರ ಹತ್ತಿರವೇ ಬೇರೆ ಕೆಲಸ ಸಿಕ್ಕಿತು. ಅವನು ಮುಂದೆ ಹೋಗಿ ಅಂಕೋಲೆಯಲ್ಲಿ ಬಾಡಿಗೆ ಮನೆ ಹಿಡಿದ. ತರಗತಿಯ ಹುಡುಗಿಯರ ಪರೀಕ್ಷೆ ಮುಗಿಸಿ ನಾನು ಹಿಂದೆಯೇ ಹೋಗುವುದೆಂದು ಮಾತಾಗಿತ್ತು. ನಡುವೆ ಒಮ್ಮೆ ಅಂಕೋಲೆಗೆ ಹೋಗಿದ್ದೆ. ಅಮ್ಮ ಬಂಗಡೆ ಸಾರು ಮಾಡಿದ್ದಳು. ಉಪ್ಪು ಐತಾ ನೋಡು ಎಂದು ಅಮ್ಮನಿಗೇ ಹೇಳಿದೆನಂತೆ. ನನ್ನ ‘ಐತಾ’ ಕೇಳಿ ಎಲ್ಲರೂ ನಕ್ಕರು. ಸಂಜೆ ಸಮುದ್ರದ ಹತ್ತಿರ ಕೂತೆ. ಎಷ್ಟೋ ದಿನದಿಂದ ಬೇಕೆನಿಸಿದ್ದ ಗಾಳಿ, ಮೈಗೆ ಅಂಟಿತು. ಹಾಗೆಯೇ ಕೂತಿರುವಾಗ ನೀಲಮ್ಮನ ಮನೆಯ ಪಡಸಾಲೆ ನೆನಪಾಯಿತು, ಎದ್ದು ಬಂದುಬಿಟ್ಟೆ.

ವಾಪಸು ಬಂದ ಮೇಲೆ ತಾಳ್ಯದಲ್ಲಿ ಕ್ಲಬ್ಬಿನ ಬಿಪಿ, ಶುಗರ್ ತಪಾಸಣೆಯ ಕ್ಯಾಂಪಿತ್ತು. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವ ಕೆಲಸ ನನ್ನದು. ಸಾಲಿನಲ್ಲಿ ಹೊಸ ಸೀರೆ ಉಟ್ಟ ಹುಡುಗಿಯೊಬ್ಬಳು ಬಂದು ಕೂತಳು. ಕೈತುಂಬ ಹಸಿರು ಬಳೆ. ಪಟ್ಟಿ ಬಿಗಿಯಾಗುತ್ತಿದ್ದಂತೆ, “ಭಾಳ ಬಿಗೀ ಆಗಾಕತ್ತೈತ್ರಿ ಅಕ್ಕಾರ” ಎಂದಳು.

ತಲೆಯೆತ್ತಿದೆ. ಅವಳ ಹಿಂದೆ ದಾಕ್ಷಾಯಣಮ್ಮ ನಿಂತಿದ್ದರು. ಮಂಜಣ್ಣನಿಗೆ ಮತ್ತೆ ಮದುವೆಯಾಗಿತ್ತು. ಅದೇ ದಲ್ಲಾಳಿ, ಅದೇ ಕಡೆಯ ಹೆಣ್ಣು. ಯಾರೂ ನನಗೆ ಹೇಳಿರಲಿಲ್ಲ.

ಹುಡುಗಿಗೆ ಏನೂ ಗೊತ್ತಿದ್ದಂತಿರಲಿಲ್ಲ. ನನ್ನ ಮಾತಿನ ಎಳೆತ ಕೇಳಿ ಅವಳಿಗೆ ಮೋಜೆನಿಸಿತ್ತು. “ನಿಮ್ ಮಾತು ಇಲ್ಲಿಯವರಂಗ ಇಲ್ಲಲ್ರೀ. ನೀವೂ ಹೊರಗಿನವ್ರೇನು? ಯಾವೂರು ನಿಮ್ದು?” ಎಂದು ಕೇಳಿದಳು.

ಬಸ್ಸಿನ ಟಿಕೀಟು ಆಗಿತ್ತು. ಅಂಕೋಲೆಯ ಮನೆಗೆ ಸುಣ್ಣ ಬಳಿಸಿಯಾಗಿತ್ತು. ದಾಕ್ಷಾಯಣಮ್ಮ ನನ್ನನ್ನೇ ನೋಡುತ್ತಿದ್ದರು.

“ಹೊಳಲ್ಕೆರೆ” ಎಂದೆ. “ನಾನು ಇಲ್ಲೇ ಇರ್ತೀನಿ. ವಾರಕ್ಕೆ ಎರಡು ದಿನ ಈ ಊರಿಗೆ ಬರ್ತೀನಿ. ಒಂದು ವಾರ ನೀನು ಕಾಣದಿದ್ರೆ ನಿನ್ನ ಮನೆಗೇ ಬರ್ತೀನಿ.”

ಹುಡುಗಿ ನಕ್ಕಳು. ದಾಕ್ಷಾಯಣಮ್ಮ ನಗಲಿಲ್ಲ.

ಇದನ್ನು ಗಿರೀಶನಿಗಾಗಲಿ ಅಮ್ಮನಿಗಾಗಲಿ ನಾನಿನ್ನೂ ಹೇಳಿಲ್ಲ. ಫೋನಿನಲ್ಲಿ ಎರಡು ಸಲ ಬಾಯಿಗೆ ಬಂದು ನಿಂತಿತು. ಬರೆಯುವುದೇ ಸುಲಭವೆನಿಸಿತು. ಇಷ್ಟು ಹೊತ್ತಿಗೆ ನಿಮ್ಮ ಜೊತೆ ಅವರೂ ಓದಿರುತ್ತಾರೆ.